ಏನೂ ಮಾಡಿಸಿಕೊಳ್ಳದ ಹರಳು

ಅಂದು ನಳದಲ್ಲಿ ನೀರು ಬರುವ ದಿನ. ನಮ್ಮ ಧಾರವಾಡದ ಓಣಿಯಲ್ಲಿ ನಳ ಬರುವ ದಿನ ಮಿಕ್ಕ ಕೆಲಸಗಳೆಲ್ಲ ಅದರ ಹಿಂದೆ ಸರದಿ ನಿಲ್ಲಬೇಕು. ಬೆಳಕು ಹರಿಯುವ ಮೊದಲೇ ಎದ್ದು ಹಿತ್ತಲ ಟಾಕಿಯೊಳಗೆ ಪೈಪು ಇಳಿಬಿಟ್ಟೆ. ನೀರು ಬೀಳುವ ಸದ್ದು ಗಟ್ಟಿಯಾದ ಮೇಲೆ ಒಳಗೆ ಬಂದು ರೊಟ್ಟಿಗೆ ಎಸರಿಟ್ಟೆ. ಅತ್ತೆಗೆ ಚಹಾ, ನಮ್ಮವರಿಗೆ ಚಹಾ, ನಾದಿನಿಗೆ ಬಿಸಿನೀರಿನಲ್ಲಿ ಜಜ್ಜಿದ ಶುಂಠಿ. ಮೊದಲ ಸುತ್ತಿನ ಕೀಮೋ ಕಾಲಕ್ಕೆ ಅವಳಿಗೆ ಹಾಲಿನ ವಾಸನೆ ಆಗದಂತಾಯಿತು, ಎರಡನೆಯ ಸುತ್ತಿಗೆ ಒಗ್ಗರಣೆಯದು. ಅವಳ ತಟ್ಟೆ ಲೋಟಗಳನ್ನು ನಾನು ಬೇರೆಯಾಗಿ ಬಿಸಿನೀರಿನಲ್ಲಿ ತೊಳೆದು ಬೇರೆಯಾಗಿ ಬೋರಲು ಹಾಕುತ್ತಿದ್ದೆ. ಅವಳದು ನಮಗೆ ತಾಗೀತು ಎಂದಲ್ಲ, ನಮ್ಮದು ಅವಳಿಗೆ ತಾಗಬಾರದೆಂದು. ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳಬೇಕಾಗುತ್ತಿತ್ತು.

ಹಿಂದಿನ ದಿನ ಊಟಕ್ಕೆ ಕೂತಾಗ ಅವಳು, ಸೋಮವಾರ ಶುರುವಾಗಬೇಕಿದ್ದ ಮೂರನೆಯ ಸುತ್ತು ತನಗೆ ಬೇಡ ಎಂದಿದ್ದಳು. ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ ಅಂದಳು. ಎದೆಯಲ್ಲಿ ಹುಟ್ಟಿದ ಕ್ಯಾನ್ಸರು ಆಪರೇಶನ್ ಆದ ಮೇಲೂ ಲಿವರಿಗೆ ಇಳಿದಿತ್ತು. ಔಷಧದಿಂದ ವಾಸಿಯಾಗುವುದಿಲ್ಲ, ಸ್ವಲ್ಪ ಕಾಲ ಸಿಗಬಹುದು ಎಂದು ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದ್ದರು. ಎಷ್ಟು ಕಾಲ ಎಂದು ನನ್ನ ಗಂಡ ಕೇಳಿದಾಗ ಅವರು ಪೆನ್ನಿನ ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು.

ನಮ್ಮವರಿಗೂ ಅವರ ತಂಗಿಗೂ ವಯಸ್ಸಿನ ಅಂತರ ಬಹಳ. ಮಾವ ತೀರಿಕೊಂಡಾಗ ಅವಳಿನ್ನೂ ಸಣ್ಣ ಶಾಲೆಯ ಹುಡುಗಿ. ಅತ್ತೆ ಹಾಸಿಗೆ ಬಿಟ್ಟು ಏಳದ ಆ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಅವಳ ಜಡೆ ಹೆಣೆದು ರಿಬ್ಬನ್ನು ಕಟ್ಟಿ ಕಳಿಸಿದವರು ಅಣ್ಣನೇ. ಆ ಜಡೆ ಸೊಟ್ಟಗಿರುತ್ತಿತ್ತೆಂದು ಅವಳು ಎಲ್ಲರೆದುರು ಹೇಳಿ ನಗಿಸುತ್ತಿದ್ದಳು. ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ನಮ್ಮೊಡನೆಯೇ ಇದ್ದಳು.

ಹರಳಿನ ಮಾತು ಬಂದದ್ದು ಹೀಗೆ. ನಮ್ಮವರಿಗೆ ತಾರಿಹಾಳದಲ್ಲಿ ಪೈಪಿನ ಕೊಂಡಿ ಮಾಡುವ ಸಣ್ಣ ಕಾರ್ಖಾನೆಯಿದೆ. ಅಲ್ಲಿಗೆ ಬರುವ ಯಾರೋ ಶಾಸ್ತ್ರಿಗಳೊಬ್ಬರ ನಂಬರು ಕೊಟ್ಟರು. ಶಾಸ್ತ್ರಿಗಳು ಫೋನಿನಲ್ಲೇ ಜಾತಕ ಕೇಳಿಕೊಂಡು, ಫೈರ್ ಓಪಲ್ ಎಂಬ ಬೆಂಕಿ ಬಣ್ಣದ ಹರಳನ್ನು ಮೈಗೆ ತಾಗುವಂತೆ ಹಾಕಿಸಿರಿ, ನೈಸರ್ಗಿಕವಾದದ್ದೇ ಆಗಬೇಕು ಅಂದರು. ಇಂಥದಕ್ಕೆಲ್ಲ ನಗುತ್ತಿದ್ದ ಮನುಷ್ಯ ನನ್ನ ಗಂಡ. ಆ ವರ್ಷ ನಗಲಿಲ್ಲ.

ತಂಗಿ ಬೇಡ ಅಂದಾಗ ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಆಮೇಲೆ ಅಂದರು, “ಮೊದಲ ಹರಳ ಹಾಕ್ಕೊ. ಉಳಿದದ್ದ ಆಮ್ಯಾಲ ನೋಡೂಣು.”

“ಹರಳ ಹಾಕ್ಕೊಂಡ್ರ ಸೋಮವಾರ ಬಿಡತೀಯೇನು?”

“ಹರಳೂ ಹಾಕ್ಕೊ, ಸೋಮವಾರ ದವಾಖಾನಿಗೂ ಬಾ.”

“ಒಂದ ತಗೊಂಡ್ರ ಒಂದ ಫ್ರೀ,” ಅಂದಳು ಅವಳು. “ಆತು. ಆದ್ರ ಹರಳ ಮಾತ್ರ ನಾನ ಆರಿಸಾಕಿ. ಅಷ್ಟರ ನನ್ನ ಕೈಯಾಗ ಇರಲಿ.”

ಎದುರಿಗೇ ಕೂತಿದ್ದ ಅತ್ತೆಗೆ ಇದೇನೂ ಕೇಳಲಿಲ್ಲ. ಕಿವಿಯ ಮಶೀನು ಹಾಕಿಕೊಂಡರೆ ಗೋಡೆಗಳೂ ಮಾತಾಡುತ್ತವೆಂದು ಅವರು ಅದನ್ನು ಡಬ್ಬಿಯಿಂದ ತೆಗೆಯುತ್ತಿರಲಿಲ್ಲ.

ಹೀಗಾಗಿ ಆ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದದ್ದು ಹರಳು ತರಲು ಹುಬ್ಬಳ್ಳಿಗೆ ಹೋಗುವ ಗಡಿಬಿಡಿಯಲ್ಲಿ. ನಮ್ಮವರು ಕಾರ್ಖಾನೆಗೆ ಹೊರಡುವಾಗ ಗೇಟಿನ ಬಳಿ ನಿಂತು, ಕಾರಿನ ಗಾಜನ್ನು ಒರೆಸಿದ್ದನ್ನೇ ಮತ್ತೆ ಒರೆಸುತ್ತ, “ದಾರ್ಯಾಗ ಆಕಿಗೆ ಸ್ವಲ್ಪ ತಿಳಿಸಿ ಹೇಳು. ನಿನ್ನ ಮಾತ ಕೇಳತಾಳ,” ಅಂದರು. ನಾನು ಹೂಂ ಅಂದೆ.

ಅವಳು ಬಸ್ಸೇ ಬೇಕೆಂದಳು. ಕಾರಿನಲ್ಲಿ ಕೂತರೆ ದವಾಖಾನೆಗೇ ಹೋಗುತ್ತಿದ್ದೇವೆ ಅನ್ನಿಸುತ್ತದಂತೆ. ಬಾಯಿಗೆ ಮಾಸ್ಕು, ತಲೆಗೆ ಕಡುನೀಲಿ ಸ್ಕಾರ್ಫು, ಅದರ ಅಂಚಿನಲ್ಲಿ ನಾನೇ ಹಾಕಿದ ಸಣ್ಣ ಹೊಲಿಗೆ. ಕಿಟಕಿಯ ಪಕ್ಕ ಕೂರಿಸಿದೆ. ಎರಡೂ ಊರುಗಳ ನಡುವೆ ಅವಳ ದವಾಖಾನೆಯ ನಿಲ್ದಾಣ ಬರುತ್ತದೆ. ಬಸ್ಸಿನ ಧ್ವನಿಮುದ್ರಿತ ಹೆಣ್ಣುದನಿ ಅದರ ಹೆಸರು ಹೇಳಿದ ಕೂಡಲೇ ಅವಳು ಕಣ್ಣು ಮುಚ್ಚಿ ಎದುರಿನ ಕಂಬಿ ಹಿಡಿದಳು. ಬಾಗಿಲು ತೆರೆಯಿತು, ಜನ ಇಳಿದರು, ಮುಚ್ಚಿತು. ಅವಳ ಮೇಲ್ದುಟಿಯ ಬೆವರಿಗೆ ಮಾಸ್ಕು ಅಂಟಿತ್ತು.

“ಏನಾತು?”

“ಓಕರಿಕಿ ಬಂದಂಗಾತು. ಅಲ್ಲಿ ಇನ್ನೂ ಇಳಿದೂ ಇಲ್ಲ ನೋಡ್ರಿ ವೈನಿ. ಈ ಮೈಗೆ ದಾರಿ ಗೊತ್ತಾಗಿಬಿಟ್ಟೈತಿ.”

ನಾನು ಶುಂಠಿ ಪೆಪ್ಪರಮಿಂಟು ಕೊಟ್ಟೆ. ಅವಳು ಅದನ್ನು ಕೆನ್ನೆಗೆ ಸರಿಸಿಕೊಂಡು, “ಅಣ್ಣ ನಿಮಗ ಹೇಳಿ ಕಳಿಸ್ಯಾನ, ಹೌದಿಲ್ಲೋ? ಹೇಳ್ರಿ ಮತ್ತ. ಬಸ್ಸಿನಾಗಿಂದ ನಾ ಎಲ್ಲಿ ಓಡಿಹೋಗಲಿ,” ಅಂದಳು.

ಹೇಳುವುದಕ್ಕೆ ಸಿದ್ಧಮಾಡಿಕೊಂಡಿದ್ದ ಮಾತುಗಳಿದ್ದವು. ಬಾಯಿ ತೆರೆದೆ. ಕಂಬಿ ಹಿಡಿದಿದ್ದ ಅವಳ ಕೈಯ ಉಗುರುಗಳು ಕಣ್ಣಿಗೆ ಬಿದ್ದವು. ಪ್ರತಿ ಉಗುರಿನ ಮೇಲೂ ಅಡ್ಡಕ್ಕೆ ಕಂದು ಗೆರೆಗಳು, ಒಂದರ ಮೇಲೊಂದು, ಪ್ರತಿ ಇಂಜೆಕ್ಷನ್ನಿಗೂ ಒಂದೊಂದು ಗೆರೆ ಎಂಬಂತೆ. “ಪೆಪ್ಪರಮಿಂಟ ಇನ್ನೊಂದ ಬೇಕೇನು?” ಅಂದೆ. ಅವಳು ನನ್ನ ಮೊಣಕೈಗೆ ತನ್ನ ಮೊಣಕೈ ತಾಗಿಸಿ ಕಿಟಕಿಯ ಕಡೆ ತಿರುಗಿದಳು.

ಅಂಗಡಿ ಇದ್ದದ್ದು ಕಮರಿಪೇಟೆಯ ಒಂದು ಗಲ್ಲಿಯಲ್ಲಿ. ಮೆಟ್ಟಿಲು ಹತ್ತಿದರೆ ಬಿಳಿ ಬಟ್ಟೆ ಹಾಸಿದ ಗಾದಿ, ಅದರ ಮೇಲೆ ಬಗ್ಗಿದ ಹಳದಿ ದೀಪ. ಸಾಹುಕಾರರು ದಪ್ಪ ಮನುಷ್ಯ, ಕನ್ನಡಕ ಹಣೆಯ ಮೇಲೆ, ಬಾಯಲ್ಲಿ ಅಡಿಕೆ. “ಬರ್ರಿ ಅಕ್ಕಾರ, ಕೂಡ್ರಿ. ಲಗ್ನಕ್ಕೋ, ಗ್ರಹಕ್ಕೋ?”

“ಗ್ರಹಕ್ಕ,” ಅಂದಳು ನಾದಿನಿ.

“ಯಾರ ಗ್ರಹ?”

“ನಂದ. ಅಷ್ಟ ಛಲೋ ಇಲ್ಲ.”

ಅವರು ಆಗ ಸ್ಕಾರ್ಫಿನ ಕಡೆ ನೋಡಿದರು. ಆಮೇಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಮಾತಾಡಿದರು.

ಮೊದಲು ಬಂದವು ದಾಳಿಂಬೆ ಕಾಳಿನಂಥ ಹರಳುಗಳು. ಕೆಂಪು, ಥಳಥಳ, ಒಂದಕ್ಕೊಂದು ಅಚ್ಚು ಹಾಕಿದ ಹಾಗೆ. ನನಗೆ ಅವೇ ಹಿಡಿಸಿದವು. ಅವಳು ಬಿಳಿ ಹಾಳೆಯೊಂದನ್ನು ಕೇಳಿ ಇಸಿದುಕೊಂಡು, ಹರಳುಗಳನ್ನು ಅದರ ಮೇಲಿಟ್ಟು ಬಾಗಿಲ ಬಿಸಿಲಿಗೆ ಒಯ್ದಳು. ಮಧ್ಯಾಹ್ನಗಳಲ್ಲಿ ಮಲಗಿದಲ್ಲೇ ಫೋನಿನಲ್ಲಿ ಇದನ್ನೆಲ್ಲ ಓದಿಟ್ಟುಕೊಂಡಿದ್ದಳು. ದೀಪದ ಕೆಳಗೆ ಎಲ್ಲವೂ ಕೆಂಡ, ಹಗಲ ಬೆಳಕಿನಲ್ಲಿ ನೋಡಬೇಕು ಅಂದಳು. ಅಂಗೈಯಲ್ಲಿ ತೂಗಿ, “ಭಾಳ ಭಾರ ಅದಾವು. ಓಪಲ್ ಹಗೂರ ಇರಬೇಕು. ವೈನಿ, ನೀವ ನೋಡ್ರಿ ಒಮ್ಮಿ,” ಅಂದು ಭೂತಗನ್ನಡಿ ನನಗೆ ಕೊಟ್ಟಳು.

ನಾನು ಹರಳನ್ನು ಮಗುಚಿ ಹಿಂಬದಿಯಿಂದ ನೋಡಿದೆ. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಯಾವ ಬಟ್ಟೆಯನ್ನೂ ಮುಂಭಾಗದಿಂದ ನೋಡಿದವರಲ್ಲ. ಗಂಟುಗಳೆಲ್ಲ ಹಿಂದೆಯೇ ಇರುತ್ತವೆ ಅನ್ನುತ್ತಿದ್ದರು. ಹರಳಿನೊಳಗೆ ದುಂಡನೆಯ ಒಂದು ಗುಳ್ಳೆ, ಸೋಡಾದ ಬಾಟಲಿಯಲ್ಲಿ ಇರುವಂಥದು.

“ಗಾಜ ಇದು,” ಅಂದಳು ಅವಳು.

“ಗಾಜ ಅಂತ ಹೇಳೇ ಮಾರತೇವ್ರಿ ನಾವು,” ಅಂದರು ಸಾಹುಕಾರರು. “ನೀವ ಕೇಳಲಿಲ್ಲ, ನಾ ಹೇಳಲಿಲ್ಲ.”

ಎರಡನೆಯ ಪೊಟ್ಟಣದಲ್ಲಿದ್ದವು ಖರೇ ಓಪಲ್, ಹಗುರ, ಕಿತ್ತಳೆ ಬಣ್ಣದವು. ಒಂದನ್ನು ಅವಳು ಮಾಸ್ಕು ಸರಿಸಿ ನಾಲಿಗೆಯ ತುದಿಗೆ ತಾಗಿಸಿಯೇಬಿಟ್ಟಳು. ನೀರಿನಂತೆ ಬಣ್ಣವನ್ನೂ ಹೀರುವ ಜಾತಿಯದಾದರೆ ನಾಲಿಗೆಗೆ ಅಂಟುತ್ತದಂತೆ. ನೂರು ಕೈ ಮುಟ್ಟಿದ್ದನ್ನು ಬಾಯಿಗೆ ಇಟ್ಟಳಲ್ಲ! ರಕ್ತದಲ್ಲಿ ಬಿಳಿಕಣಗಳು ಕುಸಿದಿರುವ ಹುಡುಗಿ. ಅವಳ ಕೈಯಿಂದ ಹರಳು ಕಿತ್ತುಕೊಂಡು, ದವಾಖಾನೆಯ ಚೀಲದಲ್ಲಿ ಸದಾ ಇರುತ್ತಿದ್ದ ಸ್ಪಿರಿಟ್ಟಿನ ಹತ್ತಿಯಿಂದ ಗಸಗಸ ಒರೆಸಿದೆ. ಇನ್ನುಳಿದವನ್ನೂ ಮುಟ್ಟುತ್ತಾಳಲ್ಲ ಎಂದು ಅವನ್ನೂ ಒರೆಸಿದೆ. ಹತ್ತಿಯ ಮೇಲೆ ಕಿತ್ತಳೆ ಬಣ್ಣದ ಕಲೆ ಮೂಡಿತು.

ಮೂವರೂ ಆ ಹತ್ತಿಯನ್ನೇ ನೋಡಿದೆವು.

“ಮ್ಯಾಲಿನವರು ಹಿಂಗ ಬಣ್ಣ ಹಾಕಿ ಕಳಸತಾರ್ರಿ,” ಅಂದರು ಸಾಹುಕಾರರು. “ಇಷ್ಟ ವರ್ಷದಾಗ ಹರಳಿಗೆ ಡೆಟಾಲ್ ಸ್ನಾನ ಮಾಡಿಸಿದವರು ನೀವ ಮೊದಲ.”

ನಾದಿನಿ ಬಹಳ ದಿನಗಳ ಮೇಲೆ ಹಾಗೆ ನಕ್ಕಳು. ನಗುವಾಗ ಬಲಗೈಯಿಂದ ಪಕ್ಕೆ ಒತ್ತಿ ಹಿಡಿದುಕೊಂಡಳು. ನನಗೆ ಒಳಗೊಳಗೇ ಒಂದು ಆಸೆ ಮೂಡಿತು. ಹೀಗೆ ನಗುವವಳು ಸೋಮವಾರಕ್ಕೂ ಹೂಂ ಅಂದಾಳು ಎಂದು.

ಆಮೇಲೆ ಅವಳೇ ಟ್ರೇಯ ಮೂಲೆಯಲ್ಲಿದ್ದ ಒಂದನ್ನು ಬೆರಳಿನಿಂದ ಈಚೆ ತಂದಳು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಹಳೆಯ ಜೇನುತುಪ್ಪದ ಬಣ್ಣ, ಒಂದು ಅಂಚಿಗೆ ಮಾತ್ರ ಕೆಂಪು ಇಳಿದಿತ್ತು. ಒಳಗೆ ಹಾಲು ಒಡೆದಂಥ ಒಂದು ಮೋಡ. ಬೆನ್ನಿಗೆ ಅದು ಹುಟ್ಟಿದ ಕಲ್ಲಿನ ಚೂರು ಹಾಗೇ ಉಳಿದಿತ್ತು, ತೊಳೆಯದ ಗೆಣಸಿಗೆ ಮಣ್ಣು ಇರುವಂತೆ. ಒರೆಸಿದರೆ ಹತ್ತಿ ಬೆಳ್ಳಗೇ ಇತ್ತು. ನಾಲಿಗೆಗೆ ಅಂಟಲಿಲ್ಲ. ಭೂತಗನ್ನಡಿಯಲ್ಲಿ ಹಿಂದೆ ಮುಂದೆ ನೋಡಿದರೂ ಬಣ್ಣ ಎಲ್ಲಿಯೂ ಹೊರಗಿನಿಂದ ಹಾಕಿದ್ದರಂತೆ ಬಿರುಕಿನಲ್ಲಿ ನಿಂತಿರಲಿಲ್ಲ, ಮೈತುಂಬ ಏರುಪೇರಾಗಿ ಹರಡಿತ್ತು.

“ಅದನ್ನ ಯಾರೂ ಒಯ್ಯಂಗಿಲ್ರಿ ಅಕ್ಕಾರ. ಒಳಗ ಮೋಡ ಐತಿ.”

“ಇದಕ್ಕ ಯಾರೂ ಏನೂ ಮಾಡಿಲ್ಲ, ಹೌದಿಲ್ಲೋ?”

“ಏನೂ ಮಾಡಿಲ್ರಿ. ಟ್ರೀಟ್‌ಮೆಂಟ್ ಇಲ್ಲದ್ದು. ಬೇಕಂದ್ರ ಮಾಡಿಸಿ ಕೊಡತೇವಿ. ಎಣ್ಣಿ ಕುಡಿಸಿದ್ರ ಮೋಡ ಹೋಗತೈತಿ, ಒಳಗ ಸಣ್ಣ ಬಿರುಕ ಇದ್ರೂ ಕಾಣಂಗಿಲ್ಲ. ಹೊಸಾದರಂಗ ಆಗತೈತಿ.”

“ಎಷ್ಟ ದಿನಾ ಇರತೈತಿ ಹಂಗ?”

“ಒಂದಿಷ್ಟ ದಿನಾ. ಆಮ್ಯಾಲ ಎಣ್ಣಿ ಆರತೈತಿ. ಮತ್ತ ಮಾಡಿಸಬೇಕು.”

“ಮತ್ತ ಆರಿದ ಮ್ಯಾಲ?”

“ಮತ್ತ ಮಾಡಿಸಬೇಕ್ರಿ. ಪ್ರತಿ ಸಲಾನೂ ಒಂದೀಟ ಬಣ್ಣ ಕಡಿಮಿ ಆಗತೈತಿ ಅದು ಬ್ಯಾರೆ.”

ಅವಳು ನನ್ನ ಕಡೆ ನೋಡಿದಳು. ನಾನು ಚೀಲದ ಜಿಪ್ಪನ್ನು ಎಳೆದೆ, ಅದು ಮುಚ್ಚಿಯೇ ಇತ್ತು. ಬಸ್ಸಿನಲ್ಲಿ ಆಡದೆ ಉಳಿದ ಮಾತುಗಳು ಇನ್ನು ಆಡುವಂಥವಲ್ಲ ಎಂದು ನನಗೆ ಅಲ್ಲೇ, ಆ ಬಿಳಿ ಗಾದಿಯ ಮೇಲೆ ಕೂತಲ್ಲೇ ತಿಳಿಯಿತು.

ಉಂಗುರಕ್ಕೆ ಅಳತೆ ತೆಗೆಯಲು ಸಾಹುಕಾರರು ಬಳೆಗಳ ಗೊಂಚಲಿನಂಥ ಉಂಗುರದ ಮಾಪು ತಂದರು. ಆಪರೇಶನ್ ಆದ ಕಡೆಯ ಎಡಗೈ ಬಾತಿದ್ದರಿಂದ ಅದರ ಬೆರಳಿಗೆ ಯಾವುದೂ ಏರಲಿಲ್ಲ. ಬಲಗೈಗೆ ಬೆರಳ ಗಂಟು ದಾಟುವಂಥದ್ದು ಹಾಕಿದರೆ ಬುಡದಲ್ಲಿ ಗಿರಗಿರ ತಿರುಗಿತು. ಕೈ ತೂಗಾಡಿಸಿದರೆ ಬಿದ್ದೇಹೋಗುತ್ತದೆ. ಅವರು ಮಾಪನ್ನು ಸದ್ದಾಗದಂತೆ ಕೆಳಗಿಟ್ಟು, “ಪದಕ ಮಾಡಿಸ್ರಿ. ಉಂಗುರಾದ್ರ ಪೆಟ್ಟ ತಿಂತೈತಿ, ಇದು ಮೆತ್ತನ ಹರಳ. ಕೊಳ್ಳಾಗ ಇದ್ರ ಸುರಕ್ಷಿತ. ಹಿಂದ ತೆರದು ಬಿಡೂಣು, ಮೈಗೆ ತಾಗತೈತಿ,” ಅಂದರು. ಬೆಸುಗೆಯೆಲ್ಲ ಆರಿದ ಮೇಲೆ ಹರಳು ಕೂರಿಸಬೇಕು, ಬೆಂಕಿ ತಾಗಿದರೆ ಸೀಳುತ್ತದೆ ಎಂದೂ ಹೇಳಿದರು. ಹೆಸರು ಬೆಂಕಿಯದು, ಬೆಂಕಿಯೇ ಆಗದು. ಮೊದಲು ಅಣ್ಣನಿಗೆ ತೋರಿಸಬೇಕೆಂದು ಅವಳು ಹರಳನ್ನು ಬಿಡಿಯಾಗಿಯೇ ತೆಗೆದುಕೊಂಡಳು. ಅವರು ಅದನ್ನು ನೀಲಿ ಒಳಪದರದ ಕಾಗದದಲ್ಲಿಟ್ಟು ಮಡಿಕೆಯ ಮೇಲೆ ಮಡಿಕೆ ಹಾಕಿ ಕೊಟ್ಟರು.

ಮನೆಗೆ ಬಂದವಳು ಸಂಜೆಯವರೆಗೆ ಮಲಗಿದಳು. ಎರಡು ಸಲ ಬಾಗಿಲಲ್ಲಿ ನಿಂತು ಉಸಿರು ನೋಡಿದೆ.

ನಮ್ಮವರು ಬೇಗ ಬಂದರು. ಕೈಕಾಲು ತೊಳೆಯದೆ ಪೊಟ್ಟಣ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದರು. “ಮೋಡ ಐತಲ್ಲ ಇದರಾಗ. ಇದಕ್ಕಿಂತ ಛಲೋದು ಸಿಗಲಿಲ್ಲೇನು?”

“ಇದ ಛಲೋದು,” ಅಂದಳು ತಂಗಿ.

ಅವರಿಗೆ ಸಮಾಧಾನವಾಗದೆ ಶಾಸ್ತ್ರಿಗಳಿಗೆ ಫೋನು ಹಚ್ಚಿದರು. ಅತ್ತೆಗೂ ಕೇಳಲಿ ಎಂದು ನಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ, ದನಿ ಪೂರ್ತಿ ಏರಿಸಿ. ಅತ್ತೆ ನೆಲದ ಮೇಲೆ ಮೆಂತೆ ಸೋಸುತ್ತ ಕೂತಿದ್ದರು. ಮೋಡವಿದ್ದರೆ ನಡೆಯುತ್ತದೆಯೇ ಎಂದು ನಮ್ಮವರು ಕೇಳಿದರು. ಶಾಸ್ತ್ರಿಗಳ ದನಿ ಪಡಸಾಲೆಯ ತುಂಬ ಮೊಳಗಿತು:

“ಮೋಡ ಇರಲಿ, ಏನೂ ಆಗಂಗಿಲ್ರಿ. ಆದ್ರ ಟ್ರೀಟ್‌ಮೆಂಟ್ ಮಾತ್ರ ಒಟ್ಟ ಬ್ಯಾಡ. ಟ್ರೀಟ್‌ಮೆಂಟ್ ಆತು ಅಂದ್ರ ಒಳಗಿನ ಶಕ್ತಿ ಎಲ್ಲಾ ಹೋಗಿಬಿಡತೈತಿ. ಏನೂ ಉಪಯೋಗ ಇಲ್ಲ. ತಿಳೀತಿಲ್ರಿ?”

ತಿಳಿಯಿತು ಅಂದು ನಮ್ಮವರು ಫೋನು ಇಟ್ಟರು. ಅತ್ತೆಯ ಕೈ ಮೆಂತೆಯ ಮೇಲೆ ನಿಂತುಬಿಟ್ಟಿತ್ತು.

“ಕೇಳಿದ್ಯಾ,” ಅಂದರು ಮಗನಿಗೆ. “ನಾ ಬಡಕೊಂಡಾಗ ಯಾರೂ ಕೇಳಲಿಲ್ಲ. ಪ್ರತಿ ಸಲಾ ಕರಕೊಂಡ ಹೋಗತೀರಿ, ಪ್ರತಿ ಸಲಾ ಅರ್ಧಾ ಹುಡುಗೀನ ತಿರುಗಿ ತರತೀರಿ. ಟ್ರೀಟ್‌ಮೆಂಟ್ ಆದ್ರ ಶಕ್ತಿ ಹೋಗತೈತಿ ಅಂತ ಅವರ ಬಾಯಾಗ ಬಂತಿಲ್ಲೋ ಈಗ.”

“ಅವ್ವಾ, ಅವರು ಹರಳಿಗೆ ಅಂದದ್ದು.”

“ಯಾರಿಗೆ?”

“ಹರಳಿಗೆ. ಹರಳಿಗೆ ಟ್ರೀಟ್‌ಮೆಂಟ್ ಆಗಿರಬಾರದಂತ.” ಅವರು ಎತ್ತಿದ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

ಅತ್ತೆ ಮಗನನ್ನು ಮರುಕದಿಂದ ನೋಡಿದರು. “ಹರಳಿಗೆ ಯಾಕ ಮಾಡತಾರೋ ಟ್ರೀಟ್‌ಮೆಂಟು? ಅದಕ್ಕೇನ ಬ್ಯಾನಿ ಬಂದೈತಿ?”

ಅತ್ತೆ ಮೆಂತೆಯ ಬುಟ್ಟಿಯನ್ನು ನನ್ನ ಕಡೆ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದರು. “ಇನ್ನ ಹೋಗೂದ ಬ್ಯಾಡ ಬಿಡು. ಉಂಡು ತಿಂದು ಮನ್ಯಾಗಿರು. ಛಲೋ ಆಗತಿ,” ಅಂದರು. ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಕಳೆಯಿತ್ತು. ಹಾಗೇ ಹೊರಗಿನ ಕಟ್ಟೆಗೆ ಹೋಗಿ ಕೂತರು.

ನಮ್ಮವರು ಹಿಂದೆಯೇ ಎದ್ದರು. ತಂಗಿ ಅವರ ತೋಳು ಹಿಡಿದಳು.

“ಅಣ್ಣಾ, ತಿದ್ದಬ್ಯಾಡ.”

“ಅವ್ವ ತಪ್ಪ ತಿಳಕೊಂಡಾಳ.”

“ಗೊತ್ತೈತಿ. ಶಾಸ್ತ್ರಿಗಳು ಅಂದ್ರು ಅಂತಲ್ಲ, ನಾ ನಿನ್ನೇನ ಹೇಳೇನಿ. ಆದ್ರ ಆಕಿಗೆ ಹೆಂಗ ಹೇಳೂದು ಅಂತ ತಿಳೀವಲ್ದಾಗಿತ್ತು ನನಗ. ಮಗಳು ತಾನಾಗಿ ಬಿಟ್ಟಳು ಅಂತ ಆಕಿ ತಿಳಕೋಬಾರದು. ಛಲೋ ಆಗಲಿ ಅಂತ ಬಿಡಿಸಿದ್ರು ಅಂತಿರಲಿ.”

“ಸುಳ್ಳ ಹೇಳಂತೀಯಾ ಅವ್ವಗ?”

“ಹೇಳಬ್ಯಾಡ. ಸುಮ್ಮನಿರು, ಅಷ್ಟ.”

“ಮತ್ತ ನನಗ?” ಅಂದರು ಅವರು. “ನನಗ ಯಾರು ಏನ ಹೇಳವರು?”

ಅವಳು ಹಿಡಿದ ತೋಳನ್ನು ಬಿಡಲಿಲ್ಲ. ಅವರು ನನ್ನ ಕಡೆ ತಿರುಗಿ, “ನೀ ದಾರ್ಯಾಗ ಹೇಳಲಿಲ್ಲೇನು?” ಅಂದರು.

“ಇಲ್ರಿ.”

“ಯಾಕ?”

ಉಗುರುಗಳ ಬಗ್ಗೆ, ಬಸ್ಸಿನ ಕಂಬಿಯ ಬಗ್ಗೆ ಹೇಳಬಹುದಿತ್ತು. ಹೇಳುವಷ್ಟರಲ್ಲಿ ಅವರು ಹರಳನ್ನು ಕಾಗದದಲ್ಲಿಟ್ಟು ಮಡಚುತ್ತಿದ್ದರು. ಮಡಿಕೆಗಳು ಮೊದಲಿನ ಗುರುತಿನಲ್ಲಿ ಕೂರಲಿಲ್ಲ. ಬಿಚ್ಚಿದರು, ಮತ್ತೆ ಮಡಚಿದರು, ಮೂಲೆಯೊಂದು ಹೊರಗೇ ಉಳಿಯಿತು. ಕೊನೆಗೆ ಅದನ್ನು ಹಾಗೇ ಟೇಬಲ್ಲಿನ ಮೇಲೆ ಬಿಟ್ಟು ಹಿತ್ತಲಿಗೆ ಹೋದರು. ನೀರು ತುಂಬಿದ್ದ ಟಾಕಿಯ ಮುಚ್ಚಳ ಎತ್ತಿ ಇಟ್ಟ ಸದ್ದು ಕೇಳಿತು. ಮತ್ತೆ ಎತ್ತಿದ್ದು, ಮತ್ತೆ ಇಟ್ಟದ್ದು. ನಾದಿನಿ ಕುರ್ಚಿಯಲ್ಲಿ ಕೂತಳು. ಬಾತ ಎಡಗೈಯನ್ನು ದಿಂಬಿನ ಮೇಲೆ ಎತ್ತಿಟ್ಟೆ. “ಹಸಿವ್ಯಾಗೈತಿ ವೈನಿ,” ಅಂದಳು. ಅದೂ ಬಹಳ ದಿನಗಳ ಮೇಲೆ ಕೇಳಿದ ಮಾತು.

ಗಂಜಿಗೆ ಅಕ್ಕಿ ತೊಳೆಯುತ್ತಿದ್ದಾಗ ಪಕ್ಕದ ಮನೆಯಾಕೆ ಕರಿಬೇವಿಗೆ ಬಂದರು. ನಮ್ಮ ಗಿಡ ಅವರ ಗೋಡೆಯ ಮೇಲೆಯೇ ಬಾಗಿದೆ, ಆದರೂ ಕೇಳಿಯೇ ಕಿತ್ತುಕೊಳ್ಳುವವರು. ಕೆಟ್ಟ ಹೆಂಗಸಲ್ಲ, ಆಪರೇಶನ್ ಆದ ವಾರ ನಮ್ಮ ಮನೆಗೆ ಎರಡೂ ಹೊತ್ತು ರೊಟ್ಟಿ ಬಡಿದು ಕೊಟ್ಟವರು. ಕಟ್ಟೆಯ ಮೇಲೆ ಅತ್ತೆ ಅವರಿಗೆ ಎಲ್ಲ ಹೇಳಿಯಾಗಿತ್ತು. ಹಿತ್ತಲ ಬಾಗಿಲ ಬಳಿ ನಿಂತು, ಕಡ್ಡಿಯಿಂದ ಎಲೆ ಬಿಡಿಸುತ್ತ, ಇವತ್ತು ನೀರು ಎಷ್ಟು ಹೊತ್ತು ಬಂತು ಎಂದು ಕೇಳಿದರು, ಮೆಂತೆ ಎಳೆಯದಿದೆ ಅಂದರು, ಹೊರಟರು. ಗೋಡೆಯ ಆ ಕಡೆ ಹೋದ ಮೇಲೆ ನೆನಪಾಗಿ ಅಲ್ಲಿಂದಲೇ ಅಂದರು:

“ಅಂದಂಗ ಸೋಮವಾರ ನೀವು ದವಾಖಾನಿಗೆ ಹೋಗಂಗಿಲ್ಲಂತಲ್ಲ, ಛಲೋ ಆತು. ನಮ್ಮ ಸಿಲಿಂಡರ್ ಬರತೈತಿ, ನಾವು ಊರಾಗ ಇರಂಗಿಲ್ಲ. ಸ್ವಲ್ಪ ಇಸಗೊಂಡ ಇಡ್ರಿ, ಹೆಂಗೂ ಮನ್ಯಾಗ ಇರ್ತೀರಿ. ಖಾಲೀದು ಬಾಗಲಾಗ ಇಟ್ಟ ಹೋಗಿರತೇನಿ.”